ಸೀಸೆಯ ಮೇಲೆ ಹೊರಿಸಿದ ತಪ್ಪು

ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ಕಂದು ಸೀಸೆ. ಒಳಗಿದ್ದದ್ದು ಅರ್ಧ ಮಿಲಿಲೀಟರ್ ದ್ರವ, ಹನಿ ಲೆಕ್ಕದಲ್ಲಿ ಹೇಳಿದರೆ ಹತ್ತು ಹನಿ. ಬೆಲೆ ನಲವತ್ತು ಸಾವಿರದ ಹತ್ತಿರ. ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗೆಂದು ಬೆಂಗಳೂರಿನ ಪ್ರಯೋಗಾಲಯವೊಂದನ್ನು ಸೇರಿದ ಎರಡನೇ ವಾರ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಮೊದಲು ಮಾಡಿದ ಲೆಕ್ಕ ವಿಜ್ಞಾನದ್ದಲ್ಲ. ಮಾಗಡಿ ತಾಲ್ಲೂಕಿನ ನಮ್ಮೂರಲ್ಲಿ ಅಪ್ಪ ಅವ್ವ ಒಂದು ಬೆಳೆ ರೇಷ್ಮೆ ಹುಳ ಮೇಯಿಸಿ, ಸೊಪ್ಪು, ಕೂಲಿ, ಮೊಟ್ಟೆಯ ಖರ್ಚು ಕಳೆದು ಕೈಯಲ್ಲಿ ಉಳಿಸಿಕೊಳ್ಳುವುದಕ್ಕಿಂತ ಈ ಹತ್ತು ಹನಿಯ ಬೆಲೆ ಹೆಚ್ಚು. ಬೀಳಿಸಿಬಿಟ್ಟರೆ?

ಬೀಳಿಸಲಿಲ್ಲ. ನಾನು ಮಾಡಿದ ತಪ್ಪು ಬೇರೆಯದು. ಅದನ್ನು ಹೇಳುವ ಮೊದಲು ಆ ಸೀಸೆಯಲ್ಲಿ ಏನಿತ್ತು ಅಂತ ಹೇಳಬೇಕು.

ಗಂಟಲು ನೋವು ಬಂದಾಗ ದವಡೆಯ ಕೆಳಗೆ ಒತ್ತಿ ನೋಡಿದರೆ ಸಣ್ಣ ಗಂಟು ಕೈಗೆ ಸಿಗುತ್ತದಲ್ಲ, ಅದು ದುಗ್ಧಗ್ರಂಥಿ. ನಮ್ಮ ರಕ್ತದ ಬಿಳಿ ಕಣಗಳಲ್ಲಿ ಟಿ ಕೋಶ ಎಂಬ ಜಾತಿಯವು ಮತ್ತೆ ಮತ್ತೆ ಹೋಗಿ ಬಂದು ಮಾಡುವ ಜಾಗ ಅದು. ದೇಹದೊಳಗೆ ಯಾವ ಹೊಸ ರೋಗಾಣು ಬಂದಿದೆ ಎಂಬ ಸುದ್ದಿ ಅಲ್ಲಿ ಸಿಗುತ್ತದೆ. ಆದರೆ ಕಣ್ಣಿಲ್ಲದ, ಕಾಲಿಲ್ಲದ ಒಂದು ಕೋಶಕ್ಕೆ ದಾರಿ ಹೇಗೆ ಗೊತ್ತಾಗಬೇಕು? ಗ್ರಂಥಿಯೊಳಗಿನ ಕೆಲವು ಕೋಶಗಳು ಕೀಮೊಕೈನ್ ಎಂಬ ಪುಟ್ಟ ಪ್ರೋಟೀನ್‌ಗಳನ್ನು ಹೊರಬಿಡುತ್ತವೆ. ಅಡುಗೆಮನೆಯ ಒಗ್ಗರಣೆಯ ವಾಸನೆ ಬೀದಿಯ ತುದಿಗೆ ಬಂದ ಹಾಗೆ. ಆ ವಾಸನೆ ಹಿಡಿಯಲು ಟಿ ಕೋಶದ ಮೈಮೇಲೆ ಮೂಗಿನಂಥದ್ದೊಂದು ಇರಬೇಕು. ಅದೇ ಕೀಮೊಕೈನ್ ಗ್ರಾಹಕ. ದುಗ್ಧಗ್ರಂಥಿಯ ದಾರಿ ತೋರಿಸುವ ಗ್ರಾಹಕದ ಹೆಸರು ಸಿಸಿಆರ್7. ಅದು ಗುರುತಿಸುವ ವಾಸನೆಗಳು ಎರಡು: ಸಿಸಿಎಲ್19 ಮತ್ತು ಸಿಸಿಎಲ್21.

ಎಲ್ಲ ಟಿ ಕೋಶಗಳಲ್ಲೂ ಈ ಮೂಗು ಇರುವುದಿಲ್ಲ. ಇನ್ನೂ ಯಾವ ರೋಗಾಣುವನ್ನೂ ಕಾಣದ ಎಳೆಯ ಕೋಶಗಳಲ್ಲಿ ಇರುತ್ತದೆ. ಹಳೆಯ ಕಾಯಿಲೆಯ ನೆನಪು ಇಟ್ಟುಕೊಂಡು ಗ್ರಂಥಿಗಳನ್ನು ಸುತ್ತುವ ಕೋಶಗಳಲ್ಲೂ ಇರುತ್ತದೆ. ನೇರವಾಗಿ ಶ್ವಾಸಕೋಶ, ಚರ್ಮ, ಕರುಳಿಗೆ ಹೋಗಿ ಹೊಡೆದಾಡುವ ಕೋಶಗಳು ಮಾತ್ರ ಅದನ್ನು ಕಳಚಿಟ್ಟಿರುತ್ತವೆ. 1999ರಲ್ಲಿ ಫೆಡೆರಿಕಾ ಸಲುಸ್ಟೊ ಮತ್ತು ಆಂಟೋನಿಯೊ ಲಾಂಜವೆಕಿಯಾ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ತೋರಿಸಿಕೊಟ್ಟಿತು. ಸಿಸಿಆರ್7 ಇದೆಯೇ ಇಲ್ಲವೇ, ಸಿಡಿ45ಆರ್‌ಎ ಎಂಬ ಇನ್ನೊಂದು ಗುರುತು ಇದೆಯೇ ಇಲ್ಲವೇ ಎಂಬ ಎರಡೇ ಪ್ರಶ್ನೆ ಕೇಳಿ ಟಿ ಕೋಶಗಳನ್ನು ನಾಲ್ಕು ಮನೆಗೆ ಹಂಚಬಹುದು ಎಂದಾಯಿತು. ಇಂದಿಗೂ ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಕೆಲಸ ಶುರುವಾಗುವುದು ಈ ನಾಲ್ಕು ಮನೆಯ ಚೌಕದಿಂದಲೇ. ನನ್ನ ಪ್ರಾಜೆಕ್ಟ್ ಕೂಡ ಅಷ್ಟೇ: ಆರೋಗ್ಯವಂತರ ರಕ್ತದಲ್ಲಿ ಯಾವ ಮನೆಯಲ್ಲಿ ಎಷ್ಟು ಕೋಶಗಳಿವೆ ಎಂದು ಎಣಿಸುವುದು.

ಎಣಿಸಲು ಕಾಣಿಸಬೇಕಲ್ಲ. ಅದಕ್ಕೇ ಆ ಸೀಸೆ. ಒಳಗಿದ್ದದ್ದು ಸಿಸಿಆರ್7 ಅನ್ನು ಮಾತ್ರ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯ, ನಾವೆಲ್ಲ ಹೇಳುವ ಹಾಗೆ ಆಂಟಿಬಾಡಿ. ಅದಕ್ಕೊಂದು ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ನಮ್ಮದರಲ್ಲಿ ಇದ್ದ ಬಣ್ಣ ಫೈಕೋಎರಿಥ್ರಿನ್, ಕೆಂಪು ಪಾಚಿಗಳಲ್ಲಿ ಸಿಗುವಂಥದ್ದು. ರಕ್ತದ ಕೋಶಗಳ ಜೊತೆ ಕಲಸಿ, ಬೇಡದ್ದನ್ನು ತೊಳೆದು, ಫ್ಲೋ ಸೈಟೊಮೀಟರ್ ಎಂಬ ಯಂತ್ರಕ್ಕೆ ಕೊಟ್ಟರೆ ಅದು ಕೋಶಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಲೇಸರ್ ಮುಂದೆ ಹಾಯಿಸುತ್ತದೆ, ಸೆಕೆಂಡಿಗೆ ಸಾವಿರಾರು. ಹೊಳೆದವು ಇತ್ತ, ಹೊಳೆಯದವು ಅತ್ತ.

ಒಂದೇ ಗುರಿಗೆ ಅಂಟುವ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ಉಪಾಯ ಸಿಕ್ಕಿದ್ದು 1975ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಇಲಿಯ ಗುಲ್ಮದಿಂದ ಆಂಟಿಬಾಡಿ ಮಾಡುವ ಕೋಶ ತೆಗೆದು, ಸಾವೇ ಇಲ್ಲದೆ ಬೆಳೆಯುವ ಒಂದು ಕ್ಯಾನ್ಸರ್ ಕೋಶದ ಜೊತೆ ಬೆಸೆದರು ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್. ಆ ಬೆಸೆದ ಕೋಶದ ಒಂದೊಂದು ವಂಶಕ್ಕೂ ಕ್ಲೋನ್ ಎಂದು ಹೆಸರು. ಇಬ್ಬರಿಗೂ 1984ರಲ್ಲಿ ನೊಬೆಲ್ ಬಂತು. ಪೇಟೆಂಟ್ ಮಾತ್ರ ಅವರ ಹೆಸರಲ್ಲಿ ಇರಲಿಲ್ಲ. ನಲವತ್ತು ಸಾವಿರದ ಸೀಸೆ ಹಿಡಿದುಕೊಂಡಾಗ ಇದು ನೆನಪಾಗಿ ನಗು ಬಂದಿದ್ದೂ ಉಂಟು.

ಕೀಮೊಕೈನ್ ಗ್ರಾಹಕಗಳಿಗೆ ಆಂಟಿಬಾಡಿ ಮಾಡುವುದು ಮಿಕ್ಕವಕ್ಕಿಂತ ಕಷ್ಟದ ಕೆಲಸ. ಈ ಗ್ರಾಹಕ ಕೋಶದ ಪೊರೆಯನ್ನು ಏಳು ಸಲ ಹೊಲಿಗೆ ಹಾಕಿದ ಹಾಗೆ ದಾಟಿರುತ್ತದೆ. ಹೊರಗೆ ಕಾಣುವುದು ಒಂದು ತುದಿ, ಮೂರು ಸಣ್ಣ ಕುಣಿಕೆ, ಅಷ್ಟೇ. ಪೊರೆಯಿಂದ ಕಿತ್ತು ತೆಗೆದರೆ ಆಕಾರವೇ ಕೆಡುತ್ತದೆ. ಹಾಗಾಗಿ ಒಳ್ಳೆಯ ಆಂಟಿಬಾಡಿ ಸಿಗುವುದೇ ಕಷ್ಟ, ಸಿಕ್ಕಿದ್ದನ್ನು ಬಳಸುವುದಕ್ಕೂ ಒಂದು ವಿಧಾನ ಬೇಕು. ಈ ಎರಡನೆಯ ಮಾತು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಕ್ಕಿಲ್ಲ.

ನಾನು ಮಾಡಿದ್ದು ಪುಸ್ತಕದ ಪ್ರಕಾರವೇ. ಆಂಟಿಬಾಡಿ ಹಾಕಿದ ಟ್ಯೂಬನ್ನು ಐಸ್ ಮೇಲೆ, ಕತ್ತಲಲ್ಲಿ, ಅರ್ಧ ಗಂಟೆ ಇಡಬೇಕು. ಎಂ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಬರೆದುಕೊಂಡ ರೆಕಾರ್ಡ್ ಪುಸ್ತಕದಲ್ಲೂ ಅದೇ ಇತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ರಕ್ತ ಕೊಟ್ಟ ಆರು ಜನರ ಮಾದರಿಗಳನ್ನು ಮೂರು ವಾರದಲ್ಲಿ ಮುಗಿಸಿದೆ. ಪ್ರತಿ ಸಲವೂ ಪರದೆಯ ಮೇಲೆ ಅದೇ ಉತ್ತರ. ಸಿಡಿ45ಆರ್‌ಎ ಚೆನ್ನಾಗಿ ಹೊಳೆಯುತ್ತಿದೆ, ಸಿಸಿಆರ್7 ಇರಬೇಕಾದ ಜಾಗದಲ್ಲಿ ಬರೀ ಕತ್ತಲೆ. ಯುವಕರ ರಕ್ತದ ಸಹಾಯಕ ಟಿ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಿಸಿಆರ್7 ಹೊತ್ತಿರಬೇಕು. ನನ್ನ ಲೆಕ್ಕದಲ್ಲಿ ಹತ್ತಿರ ಹತ್ತಿರ ಸೊನ್ನೆ.

ತಪ್ಪು ಯಾರದ್ದು ಎಂದು ನನಗೆ ಅನುಮಾನವೇ ಇರಲಿಲ್ಲ. ಸೀಸೆ ಬಂದ ಪೆಟ್ಟಿಗೆ ಒಂದು ಶನಿವಾರ, ಭಾನುವಾರ ಎಲ್ಲೋ ಬಿದ್ದಿತ್ತು, ತೆಗೆದಾಗ ಒಳಗಿನ ಐಸ್ ಪ್ಯಾಕ್ ಕರಗಿತ್ತು ಎಂದು ಯಾರೋ ಹೇಳಿದ್ದು ನೆನಪಿತ್ತು. ಆಂಟಿಬಾಡಿ ಕೆಟ್ಟಿದೆ. ಪೂರೈಸಿದವರಿಗೆ ದೂರು ಬರೆಯಬೇಕು. ಇಂಗ್ಲಿಷಿನಲ್ಲಿ ದೂರು ಬರೆಯುವುದು ನನಗೆ ಪ್ರಯೋಗಕ್ಕಿಂತ ಕಷ್ಟ, ಆದರೂ ಅಂದು ರಾತ್ರಿ ಪಿ.ಜಿ.ಯಲ್ಲಿ ಕೂತು ಒಂದು ಪುಟ ಬರೆದೆ. ಹೊಸ ಸೀಸೆ ವಿದೇಶದಿಂದ ಬರಲು ಐದಾರು ವಾರ. ಪ್ರಬಂಧ ಸಲ್ಲಿಸಲು ಉಳಿದಿದ್ದು ಏಳು ವಾರ. ಅವ್ವನಿಗೆ ಫೋನ್ ಮಾಡಿ ‘ಈ ಸಲ ಪಾಸಾಗ್ತೀನೋ ಇಲ್ವೋ’ ಅಂದೆ. ‘ಊಟ ಮಾಡಿದ್ಯಾ ಮಗಾ?’ ಅಂತ ಕೇಳಿದಳು. ಅಳು ಬಂತು.

ಮರುದಿನ ಯಂತ್ರದ ಕೋಣೆಯಲ್ಲಿ ಆ ದೂರನ್ನು ಅಕ್ಕನಿಗೆ ತೋರಿಸಿದೆ. ಅಕ್ಕ ಅಂದರೆ ಸೈಟೊಮೀಟರ್ ನೋಡಿಕೊಳ್ಳುವ ತಂತ್ರಜ್ಞೆ. ಕನಕಪುರದ ಕಡೆಯವರು. ಬಿ.ಎಸ್ಸಿ. ಮಾಡಿ, ಮೇಲೊಂದು ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ ಮಾಡಿಕೊಂಡು ಬಂದವರು, ಪಿಎಚ್.ಡಿ. ಇಲ್ಲ. ಎಲ್ಲರೂ ಇಂಗ್ಲಿಷ್ ಆಡುವ ಆ ಮಹಡಿಯಲ್ಲಿ ನಾನು ಉಸಿರು ಬಿಟ್ಟು ಮಾತಾಡುತ್ತಿದ್ದದ್ದು ಅವರ ಹತ್ತಿರ ಮಾತ್ರ.

‘ಸೀಸೆ ಕೆಟ್ಟಿದೆ ಅಂತ ಯಾರು ಹೇಳಿದ್ದು?’

‘ಏನೂ ಕಾಣ್ತಿಲ್ವಲ್ಲ ಅಕ್ಕ.’

‘ಕಾಣ್ತಿಲ್ಲ ಅನ್ನೋದು ಬೇರೆ, ಕೆಟ್ಟಿದೆ ಅನ್ನೋದು ಬೇರೆ ಕಣವ್ವ. ಬೀಡ್ಸ್‌ಗೆ ಹಾಕಿ ನೋಡಿದ್ಯಾ?’

ನೋಡಿರಲಿಲ್ಲ. ಇಲಿಯ ಆಂಟಿಬಾಡಿ ಯಾವುದೇ ಆದರೂ ಹಿಡಿದುಕೊಳ್ಳುವ ಸಣ್ಣ ಪ್ಲಾಸ್ಟಿಕ್ ಮಣಿಗಳು ಅವು. ಒಂದು ಹನಿ ಮಣಿ, ಅದಕ್ಕೆ ನಮ್ಮ ಸೀಸೆಯದ್ದು ಚೂರು. ಹತ್ತು ನಿಮಿಷದಲ್ಲಿ ಪರದೆಯ ಬಲ ತುದಿಯಲ್ಲಿ ಸೂಜಿಯಂತೆ ಒಂದು ಗೆರೆ ಎದ್ದು ನಿಂತಿತು. ಬಣ್ಣ ಬದುಕಿದೆ, ಆಂಟಿಬಾಡಿ ಇದೆ. ಅದು ಸಿಸಿಆರ್7 ಅನ್ನು ಹಿಡಿಯುತ್ತದೆಯೇ ಎಂಬುದಕ್ಕೆ ಮಣಿಗಳು ಸಾಕ್ಷಿ ಹೇಳುವುದಿಲ್ಲ, ಅದು ನಿಜ. ಆದರೆ ದಾರಿಯಲ್ಲಿ ಬಿಸಿಲಿಗೆ ಸತ್ತುಹೋಯಿತು ಎಂಬ ನನ್ನ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಕೇಳಿದ ಪ್ರಶ್ನೆ: ‘ಐಸ್ ಮೇಲೆ ಯಾಕಿಟ್ಟೆ?’

ಎಲ್ಲರೂ ಇಡುತ್ತಾರೆ ಅಂದೆ. ಉತ್ತರ ನನಗೇ ನಾಚಿಕೆಯಾಗುವಂತಿತ್ತು.

ಐಸ್ ಮೇಲೆ ಇಡುವುದಕ್ಕೆ ಕಾರಣ ಇದೆ. ಕೆಲವು ಗುರುತುಗಳಿಗೆ ಆಂಟಿಬಾಡಿ ಅಂಟಿದ ಕೂಡಲೇ ಕೋಶ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ತಣ್ಣಗಿದ್ದರೆ ಎಳೆದುಕೊಳ್ಳುವುದಿಲ್ಲ. ಆದರೆ ಕೀಮೊಕೈನ್ ಗ್ರಾಹಕಗಳ ಸ್ವಭಾವ ಬೇರೆ. ಅವು ಕೋಶದ ಮೈಮೇಲೆ ಸುಮ್ಮನೆ ನಿಂತಿರುವುದಿಲ್ಲ. ಒಳಗೆ ಹೋಗುತ್ತವೆ, ಮತ್ತೆ ಹೊರಗೆ ಬರುತ್ತವೆ. ಮಾಗಡಿಯಿಂದ ಮೆಜೆಸ್ಟಿಕ್‌ಗೆ ಓಡಾಡುವ ಬಸ್ಸುಗಳ ಹಾಗೆ: ಬೆಳಗಿನಿಂದ ಸಂಜೆವರೆಗೆ ನಿಲ್ದಾಣದಲ್ಲಿ ಕೂತರೆ ಎಲ್ಲ ಬಸ್ಸೂ ಕಾಣುತ್ತವೆ, ಬಂದ್ ದಿನ ಹೋಗಿ ನಿಂತರೆ ಅಲ್ಲೇ ನಿಂತ ಒಂದೆರಡು ಮಾತ್ರ. ಐಸ್ ಅಂದರೆ ಆ ಬಂದ್. ದೇಹದ ಶಾಖ 37 ಡಿಗ್ರಿಯಲ್ಲಿ ಇಟ್ಟರೆ ಗ್ರಾಹಕಗಳ ಓಡಾಟ ನಡೆಯುತ್ತಲೇ ಇರುತ್ತದೆ, ಹೊರಗೆ ಬಂದದ್ದನ್ನೆಲ್ಲ ಆಂಟಿಬಾಡಿ ಒಂದೊಂದಾಗಿ ಹಿಡಿಯುತ್ತದೆ. ಸಿಸಿಆರ್7 ವಿಷಯದಲ್ಲಂತೂ ಇದು ಆ ಕೆಲಸ ಮಾಡುವವರಿಗೆ ಗೊತ್ತಿರುವ ಮಾತು.

ಅಂದೇ ಸಂಜೆ ಒಬ್ಬರ ರಕ್ತವನ್ನೇ ಪಾಲು ಮಾಡಿ ಟ್ಯೂಬುಗಳಿಗೆ ಹಂಚಿಸಿದರು. ಒಂದು ಐಸ್ ಮೇಲೆ, ಒಂದು ಮೇಜಿನ ಮೇಲೆ, ಒಂದು 37 ಡಿಗ್ರಿಯ ಪೆಟ್ಟಿಗೆಯಲ್ಲಿ. ಇನ್ನೊಂದಕ್ಕೆ ಬೇರೆಲ್ಲ ಬಣ್ಣ ಹಾಕಿ ಸಿಸಿಆರ್7 ಮಾತ್ರ ಬಿಡಬೇಕು, ‘ಇಲ್ಲ’ ಅಂದರೆ ಹೇಗೆ ಕಾಣುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಬಿಸಿ ಕಂಡ ಟ್ಯೂಬಿಗೆ ಸಿಸಿಆರ್7 ಮೊದಲು, ಮಿಕ್ಕ ಬಣ್ಣಗಳು ಆಮೇಲೆ.

ಐಸ್ ಟ್ಯೂಬು ಹಳೆಯ ಕಥೆಯನ್ನೇ ಹೇಳಿತು. ಮೇಜಿನ ಮೇಲಿದ್ದದ್ದರಲ್ಲಿ ಬಲಗಡೆಗೆ ಒಂದು ಮಂಜು ಮಂಜಾದ ಹೆಗಲು. ಮೂರನೆಯದರಲ್ಲಿ ಸಾವನದುರ್ಗದ ಹಾಗೆ ಒಂದು ಗುಡ್ಡ ಎದ್ದು ನಿಂತಿತ್ತು. ಅದೇ ಟ್ಯೂಬಿನೊಳಗೆ, ಸಿಸಿಆರ್7 ಕಳಚಿಟ್ಟ ಹೋರಾಟದ ಕೋಶಗಳು ಕತ್ತಲಲ್ಲೇ ಉಳಿದಿದ್ದವು. ಅಂದರೆ ಸಿಕ್ಕಿದ್ದಕ್ಕೆಲ್ಲ ಅಂಟುತ್ತಿರಲಿಲ್ಲ, ಅಂಟಬೇಕಾದ್ದಕ್ಕೇ ಅಂಟಿತ್ತು. ನಾಲ್ಕು ಮನೆಯ ಚೌಕ ಪುಸ್ತಕದಲ್ಲಿ ಇದ್ದ ಹಾಗೇ ಬಂತು.

ಸಂತೋಷ ಪಡಬೇಕಿತ್ತು. ನನಗೆ ನೆನಪಾದದ್ದು ಆ ಆರು ಜನ. ಅವರ ರಕ್ತ ಮುಗಿದಿತ್ತು. ಮತ್ತೆ ಕೊಡಿ ಎಂದು ಕೇಳುವಂತಿಲ್ಲ, ಪಡೆದ ಅನುಮತಿ ಒಂದು ಸಲಕ್ಕೆ ಮಾತ್ರ. ಅದಕ್ಕಿಂತ ಭಯವಾದದ್ದು ಇನ್ನೊಂದಕ್ಕೆ. ವಾರದ ಸಭೆಗೆ ಮಾಡಿಟ್ಟಿದ್ದ ಸ್ಲೈಡ್‌ನಲ್ಲಿ, ನಮ್ಮ ದಾನಿಗಳಲ್ಲಿ ಸಿಸಿಆರ್7 ಇರುವ ಕೋಶಗಳು ತೀರಾ ಕಡಿಮೆ ಎಂದು ಒಂದು ಸಾಲು ಬರೆದಿದ್ದೆ. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ಇರಲಿಲ್ಲ.

ಇನ್ನು, ಸೀಸೆಗಳು ಯಾವಾಗಲೂ ಸಾಚಾ ಎಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಯ ಸಂಶೋಧನಾ ಆಂಟಿಬಾಡಿಗಳನ್ನು ನಂಬುವುದು ಹೇಗೆ ಎಂಬ ಜಗಳ ಹಳೆಯದು. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ‘ನೇಚರ್’ನಲ್ಲಿ ಒಟ್ಟಾಗಿ ಬರೆದು, ಇವುಗಳಿಗೆ ಒಂದು ಅಳತೆಗೋಲು ಬೇಕು ಎಂದು ಕೇಳಿದ್ದರು. ಕೆನಡಾದಲ್ಲಿ ಶುರುವಾದ ವೈಕಾರೋಸ್ ಎಂಬ ಯೋಜನೆಯವರು 65 ಪ್ರೋಟೀನ್‌ಗಳಿಗೆಂದು ಮಾರುವ 614 ಆಂಟಿಬಾಡಿಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಚ್ಚಿದರು. ಗುರಿಯನ್ನೇ ಗುರುತಿಸದ ಆಂಟಿಬಾಡಿಗಳು ಎಷ್ಟೋ ಸಂಶೋಧನಾ ಲೇಖನಗಳಲ್ಲಿ ಬಳಕೆಯಾಗಿಹೋಗಿದ್ದು ಅದರಿಂದ ಬೆಳಕಿಗೆ ಬಂತು. ಅವರ ಉಪಾಯ ಸರಳ: ಆ ಪ್ರೋಟೀನ್‌ನ ಜೀನ್ ತೆಗೆದುಹಾಕಿದ ಕೋಶದ ಮೇಲೂ ಆಂಟಿಬಾಡಿ ಹೊಳೆದರೆ ಅದು ಸುಳ್ಳು ಹೇಳುತ್ತಿದೆ ಎಂದರ್ಥ. ನನ್ನ ಸೀಸೆಯೂ ಅಂಥದ್ದಾಗಿರಬಹುದಿತ್ತು. ಆಗಿರಲಿಲ್ಲ. ಎರಡನ್ನೂ ಬೇರೆ ಮಾಡಿ ಹೇಳುವ ಕೆಲಸವನ್ನು ನಾನು ಮಾಡಿರಲಿಲ್ಲ, ಅಷ್ಟೇ.

‘ಒಂದು ಗ್ರಾಹಕ ಇದೆಯೋ ಇಲ್ಲವೋ, ಅದರಿಂದ ಯಾರಿಗೇನು’ ಎಂದು ಕೇಳುವವರಿಗೆ ಸಿಸಿಆರ್7ನ ಅಣ್ಣತಮ್ಮನಂತಿರುವ ಸಿಸಿಆರ್5ನ ವಿಷಯ ಹೇಳಬೇಕು. ಎಚ್‌ಐವಿ ಟಿ ಕೋಶದೊಳಗೆ ನುಗ್ಗಲು ಇದನ್ನು ಬಾಗಿಲಾಗಿ ಬಳಸುತ್ತದೆ ಎಂದು 1996ರಲ್ಲಿ ಗೊತ್ತಾಯಿತು. ಹುಟ್ಟಿನಿಂದಲೇ ಈ ಗ್ರಾಹಕ ಕೋಶದ ಮೇಲೆ ಮೂಡದಂಥ ಜೀನ್ ಬದಲಾವಣೆಯನ್ನು ತಂದೆ, ತಾಯಿ ಇಬ್ಬರಿಂದಲೂ ಪಡೆದ ಕೆಲವರು ಯುರೋಪಿನಲ್ಲಿದ್ದಾರೆ, ಅವರಿಗೆ ಎಚ್‌ಐವಿ ಸುಲಭಕ್ಕೆ ತಗಲುವುದಿಲ್ಲ. ಅಂಥವರೊಬ್ಬರ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು 2007ರಲ್ಲಿ ಬರ್ಲಿನ್‌ನಲ್ಲಿ ಟಿಮೊಥಿ ರೇ ಬ್ರೌನ್ ಅವರಿಗೆ ಕಸಿ ಮಾಡಿದರು. ರಕ್ತದ ಕ್ಯಾನ್ಸರ್‌ಗೆಂದು ಮಾಡಿದ ಚಿಕಿತ್ಸೆ ಅದು, ಎಚ್‌ಐವಿಯಿಂದ ಗುಣವಾದ ಮೊದಲಿಗರು ಅವರೇ ಆದರು. ನಮ್ಮ ದೇಶದಲ್ಲಿ ಆ ಬದಲಾವಣೆ ಬಹಳ ಅಪರೂಪ. ಇಲ್ಲಿ ಹೆಚ್ಚಾಗಿ ಹರಡಿರುವ ಸಿ ಉಪಪ್ರಕಾರದ ವೈರಸ್‌ಗೂ ಸಿಸಿಆರ್5 ಬಾಗಿಲೇ ಮುಖ್ಯ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಈ ವೈರಸ್ ಕುರಿತು ವರ್ಷಗಳಿಂದ ಕೆಲಸ ನಡೆದಿದೆ. ಒಬ್ಬರ ಕೋಶದ ಮೇಲೆ ಆ ಬಾಗಿಲು ಎಷ್ಟಿದೆ ಎಂದು ಅಳೆಯುವುದು ಇಂಥದೇ ಒಂದು ಸೀಸೆಯಿಂದ. ಅಲ್ಲಿ ಐಸ್‌ನ ಸೊನ್ನೆಯನ್ನು ನಿಜವಾದ ಸೊನ್ನೆ ಎಂದುಕೊಂಡರೆ ಏನಾದೀತು, ಯೋಚಿಸಿ.

ಕೆಲಸ ಹುಡುಕುತ್ತಿರುವ ಗೆಳೆಯರಿಗಾಗಿ ಎರಡು ಮಾತು. ನನ್ನ ಜೊತೆ ಬಿ.ಎಸ್ಸಿ. ಓದಿದವರಲ್ಲಿ ಒಬ್ಬ ಬಿಡದಿಯ ಕಾರ್ಖಾನೆಯಲ್ಲಿದ್ದಾನೆ, ಇನ್ನೊಬ್ಬಳು ರಾಮನಗರದಲ್ಲಿ ನೂಲು ಬಿಚ್ಚುವ ಮನೆಯ ಲೆಕ್ಕ ಬರೆಯುತ್ತಾಳೆ, ಚನ್ನಪಟ್ಟಣದವನು ಅಪ್ಪನ ಜೊತೆ ಬೊಂಬೆ ಕಡೆಯುತ್ತಾ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ‘ಬಯೋಟೆಕ್ ಓದಿದರೆ ಪಿಎಚ್.ಡಿ. ಮಾಡಬೇಕು, ಇಲ್ಲದಿದ್ದರೆ ಏನೂ ಇಲ್ಲ’ ಎಂಬುದು ನಮ್ಮಲ್ಲೆಲ್ಲ ಇರುವ ನಂಬಿಕೆ. ಫ್ಲೋ ಸೈಟೊಮೀಟರ್ ನಡೆಸುವ ಕೈಗಳಿಗೆ ಬೇರೆ ಕಡೆಯೂ ಕೆಲಸ ಇದೆ. ರಕ್ತದ ಕ್ಯಾನ್ಸರ್ ಯಾವ ಬಗೆಯದ್ದು ಎಂದು ಆಸ್ಪತ್ರೆಗಳು ತಿಳಿಯುವುದು ಇದರಿಂದ, ಎಚ್‌ಐವಿ ಚಿಕಿತ್ಸೆಯಲ್ಲಿ ಸಿಡಿ4 ಎಣಿಕೆಗೆ ಬಳಸುವುದೂ ಇದೇ ತಂತ್ರ. ರೋಗಿಯ ಟಿ ಕೋಶಗಳನ್ನೇ ತಿದ್ದಿ ಕ್ಯಾನ್ಸರ್ ಮೇಲೆ ಬಿಡುವ ಕಾರ್-ಟಿ ಚಿಕಿತ್ಸೆಗೆ ಭಾರತದಲ್ಲಿ 2023ರಲ್ಲಿ ಮೊದಲ ಒಪ್ಪಿಗೆ ಸಿಕ್ಕಿತು, ಬೆಂಗಳೂರಿನಲ್ಲೂ ಆ ಕೆಲಸ ನಡೆಯುತ್ತಿದೆ. ತಿದ್ದಿದ ಕೋಶಗಳಲ್ಲಿ ಎಳೆಯವು ಎಷ್ಟು, ದಣಿದವು ಎಷ್ಟು ಎಂದು ನೋಡುವಾಗ ಸಿಸಿಆರ್7 ಇದ್ದೇ ಇರುತ್ತದೆ. ಡಿಗ್ರಿ ಮತ್ತು ಡಿಪ್ಲೊಮಾದವರಿಗೂ ಇಲ್ಲಿ ಜಾಗ ಇದೆ ಎಂಬುದಕ್ಕೆ ಅಕ್ಕನೇ ಸಾಕ್ಷಿ. ಹಾಗಂತ ಸುಲಭ ಅಲ್ಲ. ಶುರುವಿನ ಸಂಬಳ ಕಡಿಮೆ, ಹೆಚ್ಚಿನವು ವರ್ಷದ ಗುತ್ತಿಗೆಯ ಹುದ್ದೆಗಳು, ಬೆಂಗಳೂರಿನ ಬಾಡಿಗೆ ನಿಮಗೇ ಗೊತ್ತು.

ಪ್ರಬಂಧಕ್ಕೆ ಉಳಿದ ಸಮಯದಲ್ಲಿ ಮೂರು ಜನರ ರಕ್ತ ಮಾತ್ರ ಸಿಕ್ಕಿತು. ಒಂಬತ್ತು ಅಂತ ಬರೆಯುವುದೇ, ಮೂರು ಅಂತ ಬರೆಯುವುದೇ? ಮೂರು ಅಂತಲೇ ಬರೆದೆ. ಮೊದಲಿನ ಆರು ಏಕೆ ಬಿಟ್ಟೆ ಎಂಬುದನ್ನೂ ಒಂದು ಪುಟ ಬರೆದು, ಐಸ್ ಮತ್ತು 37 ಡಿಗ್ರಿಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆ. ಹೊರಗಿನಿಂದ ಬಂದ ಪರೀಕ್ಷಕರು ‘ಮಾದರಿ ತೀರಾ ಕಡಿಮೆ’ ಎಂದು ಅಂಕ ಕತ್ತರಿಸಿದರು. ಆದರೆ ಅರ್ಧ ಗಂಟೆಯ ವೈವಾದಲ್ಲಿ ಇಪ್ಪತ್ತು ನಿಮಿಷ ಅವರು ಕೇಳಿದ್ದು ಆ ಒಂದು ಪುಟದ ಬಗ್ಗೆ.

ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಹುಳಮನೆಯಲ್ಲಿ ಚಾಕಿ ಎಬ್ಬಿಸಿದ್ದಳು, ಎಳೆಯ ಹುಳುಗಳಿಗೆ 27, 28 ಡಿಗ್ರಿ ಶಾಖ ಬೇಕು. ನಮ್ಮದು ಬಿತ್ತನೆ ಗೂಡು ಬೆಳೆಯುವ ಪ್ರದೇಶ. ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗ ಇಲ್ಲ ಎಂದ ಮೇಲೆಯೇ ಅದರ ಮೊಟ್ಟೆ ರೈತರಿಗೆ ಬರುವುದು. ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ರೈತರಿಗಾಗಿ ಹುಡುಕಿದ ಉಪಾಯ ಅದು, ನಮ್ಮ ಮನೆಯಲ್ಲಿ ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅಂದಹಾಗೆ, ರೇಷ್ಮೆ ಹುಳಕ್ಕೆ ಆಂಟಿಬಾಡಿಯೇ ಇಲ್ಲ. ಕೀಟಗಳು ಅದಿಲ್ಲದೆಯೇ ಬದುಕುತ್ತವೆ.

ಅವ್ವ ಕೇಳಿಸಿಕೊಂಡು ಅಂದಳು: ‘ಹುಳ ಸೊಪ್ಪು ಮುಟ್ಟದಿದ್ರೆ ನಿಮ್ಮಪ್ಪಾನೂ ಮೊದ್ಲು ಮೊಟ್ಟೆ ಕೊಟ್ಟವ್ರನ್ನೇ ಬೈಯೋದು. ನಾನೋಗಿ ಕೆಂಡದ ಬಾಂಡ್ಲಿ ನೋಡಿದ್ರೆ ಆರೋಗಿರ್ತದೆ.’

ಅಪ್ಪ ಆ ಕಡೆ ತಿರುಗಿ ಸೊಪ್ಪು ಕತ್ತರಿಸುತ್ತಲೇ ಇದ್ದ.

ಈಗ ಅದೇ ಪ್ರಯೋಗಾಲಯದಲ್ಲಿ ಒಂದು ವರ್ಷದ ಗುತ್ತಿಗೆಯ ಮೇಲೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೇನೆ. ಕಳೆದ ವಾರ ಈ ವರ್ಷದ ಪ್ರಾಜೆಕ್ಟ್ ವಿದ್ಯಾರ್ಥಿ ಬಂದ, ಚನ್ನಪಟ್ಟಣದಿಂದ ದಿನಾ ರೈಲಿನಲ್ಲಿ ಓಡಾಡುವವನು. ಫ್ರಿಜ್ ತೆಗೆದು ಆ ಕಂದು ಸೀಸೆಯನ್ನು ಅವನ ಕೈಗೆ ಕೊಟ್ಟೆ. ಒಳಗೆ ಇನ್ನು ಇಪ್ಪತ್ತು ಪರೀಕ್ಷೆಗಾಗುವಷ್ಟು ಉಳಿದಿರಬಹುದು. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ನಾನು ಬರೆದಿದ್ದ 37 ಅರ್ಧ ಅಳಿಸಿಹೋಗಿತ್ತು. ‘ಇದು ಬ್ಯಾಚ್ ನಂಬರಾ ಅಕ್ಕ?’ ಅಂತ ಕೇಳಿದ. ‘ಅಲ್ಲ, ಕೂತ್ಕೋ, ಹೇಳ್ತೀನಿ’ ಅಂದೆ.